ಕೃಷಿಹೊಂಡದ ಕೊರವ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮೋಟರು ರಿಪೇರಿ ಅಂಗಡಿಗಳ ಸಾಲು ಮುಗಿಯುವಲ್ಲಿ ರೇಣವ್ವನ ಖಾನಾವಳಿ. ಮಧ್ಯಾಹ್ನವಾಯಿತೆಂದರೆ ಸುತ್ತಲಿನ ಶೆಡ್ಡುಗಳಿಂದ ಗ್ರೀಸಿನ ಕೈ ತೊಳೆದುಕೊಂಡು ಬಂದವರು ಬೆಂಚು ತುಂಬುತ್ತಾರೆ. ರೊಟ್ಟಿ, ಅನ್ನ, ಕಾರವಾರದಿಂದ ಬಂದ ಬಂಗಡೆಯ ಸಾರು. ಉಂಡವರೆಲ್ಲ ಆ ಸಾರನ್ನು ಹೊಗಳುತ್ತಿದ್ದರು. ರೇಣವ್ವನಿಗೆ ಮಾತ್ರ ಅದು ಎಂದೂ ಪೂರ್ತಿ ಒಪ್ಪಿದ್ದಿಲ್ಲ.

ಅವಳು ಮಲಪ್ರಭೆಯ ದಂಡೆಯಲ್ಲಿ ಹುಟ್ಟಿದವಳು, ಅಂಬಿಗರ ಮಗಳು. ಅಪ್ಪ ಬಲೆ ಎಳೆದಾಗ ನೋಡಲು ಚೆಂದದ ಮೀನೆಲ್ಲ ಸಂತೆಗೆ ಹೋಗುತ್ತಿತ್ತು. ಕೊಳ್ಳುವವರು ಮುಖ ನೋಡಿಯೇ ಬೇಡವೆನ್ನುವ ಮೀನುಗಳು ಮನೆಯ ಗಡಿಗೆಗೆ ಬೀಳುತ್ತಿದ್ದವು. ಮೀಸೆಯವು, ಬೆನ್ನ ಮೇಲೆ ಗರಗಸದಂಥ ಮುಳ್ಳಿನವು, ಹಿಡಿದರೆ ಹಾವಿನಂತೆ ನುಣುಚಿಕೊಳ್ಳುವವು. ಮನೆಯ ಮಕ್ಕಳಿಗೆ ಅವೇ ಹಬ್ಬ. ಎಲ್ಲಕ್ಕಿಂತ ಹೆಚ್ಚಿಗೆ ಕೊರವ ಮೀನು. ಕಪ್ಪು ಬೆನ್ನು, ಥೇಟು ಹಾವಿನ ತಲೆ. ಬೇಯಿಸಿದರೆ ಒಳಗೆ ಬೆಳ್ಳನೆಯ, ಮುಳ್ಳು ಕಡಿಮೆಯ ಗಟ್ಟಿ ಖಂಡ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಅದರ ರುಚಿ ತವರಿಗೆ ಹೋದಾಗಷ್ಟೇ ಎನ್ನುವಂತಾಯಿತು. ಗಂಡ ನೀಲಕಂಠಪ್ಪ ಮೋಟರಿಗೆ ವೈಂಡಿಂಗ್ ಸುತ್ತುವವನು, ಪೇಟೆಯಲ್ಲೇ ಬೆಳೆದವನು. ಹೊಳೆಯ ಮೀನೆಂದರೆ ಕೆಸರು ವಾಸನೆ ಎಂದು ಮೂಗು ಮುರಿಯುತ್ತಿದ್ದ.

ಆದರೂ ಅವಳಿಗೆ ಮೀನು ಸಾಕಲು ಒಂದು ಹೊಂಡ ಸಿಕ್ಕಿದ್ದು ಅದೇ ಗಂಡನ ಅಂಗಡಿಯಿಂದ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಆಚೆ ಹೊಲವಿದ್ದ ಶಿವಯೋಗೀಶ ಎಂಬ ಲಿಂಗಾಯತರ ಯುವಕ ಸುಟ್ಟುಹೋದ ಪಂಪಿನ ಮೋಟರು ಹಿಡಿದುಕೊಂಡು ಬಂದಿದ್ದ. ಮೋಟರು ತಯಾರಾಗುವ ತನಕ ಖಾನಾವಳಿಯ ಹೊರಗಿನ ಕಲ್ಲಿನ ಮೇಲೆ ಕೂತು, ಹೊಲದಲ್ಲಿ ತೋಡಿಸಿದ ಕೃಷಿಹೊಂಡದ ಗೋಳು ಹೇಳಿಕೊಂಡ. ಎರೆಮಣ್ಣಿನ ಹೊಂಡ, ನೀರು ಚೆನ್ನಾಗಿ ನಿಲ್ಲುತ್ತದೆ, ಆದರೆ ಪಾಚಿ ಮತ್ತು ಸೊಳ್ಳೆ ವಿಪರೀತ. ರೇಣವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಅದರಲ್ಲಿ ಮೀನು ಬಿಟ್ಟರೆ ಹೇಗೆ ಎಂದು ಕೇಳಿದಳು. ತಾನು ಬಿಡುತ್ತೇನೆ, ತಾನೇ ನೋಡಿಕೊಳ್ಳುತ್ತೇನೆ ಎಂದಳು. ಶಿವಯೋಗೀಶ ನಕ್ಕ. ತಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರುವುದಿಲ್ಲ, ಅವ್ವನನ್ನು ಕೇಳದೆ ಆಗುವುದಿಲ್ಲ ಎಂದ.

ಅವ್ವ ಬಾಳವ್ವ ಸೊಳ್ಳೆ ಹೋಗುತ್ತದೆಂಬ ಒಂದೇ ಕಾರಣಕ್ಕೆ ಹೂಂ ಅಂದಳು. ಮೊದಲ ವರ್ಷ ರೇಣವ್ವ ಎಲ್ಲರಂತೆ ಕಾಟ್ಲಾ, ರೋಹು ಮರಿ ಬಿಟ್ಟಳು. ಸೊಳ್ಳೆ ಇಳಿಯಿತು, ಮೀನು ಬೆಳೆದವು. ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವಳೇ ಸೀರೆ ಎತ್ತಿ ಕಟ್ಟಿ, ಅಪ್ಪ ಕಲಿಸಿದ ಹಾಗೆ ಬಲೆಯನ್ನು ಭುಜಕ್ಕೆ ಹಾಕಿಕೊಂಡು ಬೀಸಿದಳು. ಬಲೆ ತುಂಬಿ ಬಂತು. ದಂಡೆಗೆ ಸುರಿದ ಮೀನುಗಳು ಬಿಸಿ ಮಣ್ಣಿನಲ್ಲಿ ಹೊರಳಾಡಿ, ಬಾಯಿ ತೆರೆದು ತೆರೆದು, ನೋಡನೋಡುತ್ತಲೇ ಸುಮ್ಮನಾದವು. ಬುತ್ತಿ ತಂದಿದ್ದ ಬಾಳವ್ವ ಬದುವಿನ ಮೇಲೆ ನಿಂತು ಅದನ್ನೆಲ್ಲ ನೋಡಿದಳು. ಬುತ್ತಿಯ ಗಂಟನ್ನು ಅಲ್ಲೇ ಇಟ್ಟು ಮನೆಗೆ ಹೋದಳು.

ಮರುದಿನ ರೇಣವ್ವ ತಾನಾಗಿಯೇ ಅವಳ ಮನೆಗೆ ಹೋದಳು. ಒಳಗೆ ಕಾಲಿಡದೆ ಕಟ್ಟೆಯ ಮೇಲೆ ಕೂತಳು. ಬಾಳವ್ವ ಚಹಾ ಕೊಟ್ಟು, ಬಹಳ ಹೊತ್ತು ಬೇರೆ ಏನೇನೋ ಮಾತಾಡಿದ ಮೇಲೆ ವಿಷಯಕ್ಕೆ ಬಂದಳು.

“ಮೀನ ಸಾಕಬ್ಯಾಡ ಅನ್ನಂಗಿಲ್ಲ ನಾ. ಉಣ್ಣೋರು ನೀವು, ಉಣ್ರಿ. ಆದ್ರ ನಮ್ಮ ಹೊಲದಾಗ ಜೀವ ಹೋಗೋದು ಬ್ಯಾಡವಾ. ಒಯ್ಯೋದಾದ್ರ ಜೀವಂತ ಒಯ್ಯಿ.”

ರೇಣವ್ವ ಆಗಲಿ ಅಂದುಬಿಟ್ಟಳು. ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತ ಮೇಲೆ ತಾನು ಒಪ್ಪಿದ್ದು ಎಂಥ ಮಾತು ಎಂದು ಹೊಳೆಯಿತು. ಕಾಟ್ಲಾ ನೀರು ಬಿಟ್ಟು ಎಷ್ಟು ಹೊತ್ತು ಬದುಕೀತು? ನವಲೂರು ದಾಟುವ ಹೊತ್ತಿಗೆ ಅವಳಿಗೆ ಅಪ್ಪನ ಗೋಣಿಚೀಲ ನೆನಪಾಯಿತು. ಒದ್ದೆ ಚೀಲದಲ್ಲಿ ಸುತ್ತಿಟ್ಟ ಕೊರವ ಸಂಜೆಯ ತನಕ ಉಸಿರಾಡುತ್ತಿತ್ತು. ಅದು ನೀರೊಳಗಿದ್ದರೂ ಆಗಾಗ ಮೇಲೆ ಬಂದು ಗಾಳಿ ನುಂಗುವ ಮೀನು. ತಳದಲ್ಲಿ ಒಂದಿಷ್ಟು ನೀರಿದ್ದರೆ ಸಾಕು, ಧಾರವಾಡದಿಂದ ಹುಬ್ಬಳ್ಳಿಗೇನು, ಅದರಾಚೆಗೂ ಜೀವಂತ ಹೋಗುತ್ತದೆ. ಇಷ್ಟು ದಿನ ಆಸೆಪಟ್ಟ ಮೀನನ್ನೇ ಆ ಮುದುಕಿ ತನ್ನ ಕೈಗೆ ಕೊಟ್ಟಂತಾಯಿತಲ್ಲ ಎಂದು ಅವಳಿಗೆ ನಗು ಬಂತು.

ಮಳೆಗಾಲ ಶುರುವಾದ ಮೇಲೆ ತಮ್ಮ ಹೊಳೆಯಪ್ಪ ಸವದತ್ತಿ ಕಡೆಯಿಂದ ಕೊರವದ ಮರಿಗಳನ್ನು ಹಾಲಿನ ಕ್ಯಾನಿನಲ್ಲಿ ತಂದ. ಬಾಯಿಗೆ ಬಟ್ಟೆ ಕಟ್ಟಿದ್ದ, ಆದರೆ ಸಡಿಲ ಕಟ್ಟಿದ್ದ. ಕೊರವ ಜಿಗಿಯುವ ಮೀನು. ಬಸ್ಸು ಅಮ್ಮಿನಬಾವಿ ದಾಟುತ್ತಿದ್ದಂತೆ ಒಂದು ಮರಿ ಹೊರಗೆ ಹಾರಿ ಸೀಟುಗಳ ಕೆಳಗೆ ಸರಿದುಹೋಯಿತು. ಯಾರೋ ಹಾವು ಎಂದರು. ಬಸ್ಸಿಗೆ ಬಸ್ಸೇ ಕಾಲು ಮೇಲೆತ್ತಿಕೊಂಡು ಕೂತಿತು. ಹೊಳೆಯಪ್ಪ ಬೋರಲು ಮಲಗಿ, ಅದು ಮೀನು, ಮೀನು ಎನ್ನುತ್ತ ಹುಡುಕಿ ಹಿಡಿದು ತೋರಿಸಿದರೂ ಕಂಡಕ್ಟರು ನಂಬಲಿಲ್ಲ. ಧಾರವಾಡ ಬರುವ ತನಕ ಅವನನ್ನು ಬಾಗಿಲ ಹತ್ತಿರವೇ ನಿಲ್ಲಿಸಿದನಂತೆ. ಈ ಕತೆಯನ್ನು ತಮ್ಮ ಹೇಳುತ್ತಿದ್ದರೆ ರೇಣವ್ವ ಹೊಂಡದ ದಂಡೆಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬಾಳವ್ವನೂ ನಕ್ಕಳು. ಆಮೇಲೆ, ಇವು ಏನು ತಿನ್ನುತ್ತವೆ ಎಂದು ಕೇಳಿದಳು. ಸುಳ್ಳು ಹೇಳಲು ಮನಸ್ಸಾಗದೆ ರೇಣವ್ವ, ಸಣ್ಣ ಮೀನು, ಕಪ್ಪೆಮರಿ, ಹುಳ ಎಂದಳು. ಬಾಳವ್ವ ಸ್ವಲ್ಪ ಯೋಚಿಸಿ, ಅದು ಶಿವ ಅವುಗಳಿಗೆ ಕೊಟ್ಟ ಅನ್ನ, ಅದರಲ್ಲಿ ತನ್ನ ಮಾತೇನಿದೆ ಎಂದಳು.

ಮುಂದಿನ ಬೇಸಿಗೆಗೆ ಕೊರವಗಳು ಮೊಳಕೈ ಉದ್ದ ಬೆಳೆದವು. ರೇಣವ್ವ ಕೆಲವನ್ನು ಹಿಡಿದು, ಕೊಟ್ಟ ಮಾತಿನಂತೆ ಜೀವಂತವಾಗಿಯೇ ಗೋಕುಲ ರಸ್ತೆಗೆ ತಂದಳು. ಬೂದಿ ಹಚ್ಚಿ ಲೋಳೆ ತಿಕ್ಕಿ, ಉಪ್ಪು ಹುಣಸೆಹಣ್ಣಿನಲ್ಲಿ ತೊಳೆದು, ಒಣಕೊಬ್ಬರಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಅರೆದು ಸಾರು ಮಾಡಿದಳು. ಗಿರಾಕಿಗಳು ಬಂದರು, ಕ್ಯಾನಿನಲ್ಲಿ ಉಳಿದಿದ್ದ ಮೀನಿನ ತಲೆ ನೋಡಿದರು, ಸುಮ್ಮನೆ ಬಂಗಡೆ ಕೇಳಿದರು. ನೀಲಕಂಠಪ್ಪನೂ ಅಂದು ಬೇಳೆಸಾರು ಉಂಡ. ಸಂಜೆ ಅವಳೊಬ್ಬಳೇ ಕೂತು ಉಂಡಳು. ಬೇಜಾರೇನೂ ಆಗಲಿಲ್ಲವಂತೆ. ಎರಡು ರೊಟ್ಟಿ ಉಣ್ಣುವವಳು ಅಂದು ಮೂರನೆಯದನ್ನೂ ಮುರಿದಳು.

ಗಿರಾಕಿಗಳ ಮನಸ್ಸು ತಿರುಗಿಸಿದವಳು ಹಿಂದಿನ ಓಣಿಯ ಗುಲ್ಜಾರಬಿ. ಅವಳ ಮಗಳಿಗೆ ಹೆರಿಗೆಯಲ್ಲಿ ಆಪರೇಷನ್ ಆಗಿತ್ತು, ಬಾಯಿಗೆ ಏನೂ ಸೇರುತ್ತಿರಲಿಲ್ಲ. ಹೊಲಿಗೆ ಹಾಕಿದ ಗಾಯ ಕೂಡಲು ಕೊರವದ ಸಾರು ಒಳ್ಳೆಯದೆಂದು ತನ್ನ ಅಜ್ಜಿ ಹೇಳುತ್ತಿದ್ದಳು, ನಿನ್ನ ಹತ್ತಿರ ಆ ಮೀನು ಬಂದಿದೆಯಂತಲ್ಲ ಎಂದು ಗುಲ್ಜಾರಬಿ ಪಾತ್ರೆ ಹಿಡಿದುಕೊಂಡೇ ಬಂದಳು. ಅಜ್ಜಿಯ ಮಾತು ಎಷ್ಟು ಖರೆಯೋ ರೇಣವ್ವನಿಗೆ ತಿಳಿಯದು. ಖಾರ ಬಿಟ್ಟು, ಮೆಣಸು ಜೀರಿಗೆ ಹಾಕಿ ತೆಳ್ಳಗೆ ಕುದಿಸಿ ಕೊಟ್ಟಳು. ಬಾಣಂತಿ ಬಟ್ಟಲು ಖಾಲಿ ಮಾಡಿ, ನಾಳೆಗೂ ಇದೆಯೇ ಎಂದಳು. ಗುಲ್ಜಾರಬಿ ಓಣಿಯಲ್ಲೆಲ್ಲ ಹೇಳಿದಳು. ಮುಂದಿನ ಭಾನುವಾರ ಶೆಡ್ಡಿನ ಒಬ್ಬ ವೆಲ್ಡರು ಧೈರ್ಯ ಮಾಡಿ ಒಂದು ತುಂಡು ಹಾಕಿಸಿಕೊಂಡ. ಪಕ್ಕದವನು ಅವನ ತಟ್ಟೆಯಿಂದಲೇ ಮುರಿದು ನೋಡಿದ. ನೀಲಕಂಠಪ್ಪ ಎಲ್ಲರ ನಂತರ ಉಂಡು, ಕೆಸರು ವಾಸನೆ ಇಲ್ಲವಲ್ಲ ಎಂದ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ ಎಂದು ರೇಣವ್ವ ಇನ್ನೊಂದು ತುಂಡು ಬಡಿಸಿದಳು.

ಆ ಮಳೆಗಾಲ ಹೊಂಡದ ಮೂಲೆಯ ಹುಲ್ಲಿನಲ್ಲಿ ಒಂದು ಜೋಡಿ ಕೊರವ ಮರಿ ಮಾಡಿದವು. ನೀರ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಮರಿಗಳ ಹಿಂಡು. ಕೆಳಗೆ ಕಾವಲಿಗೆ ಎರಡು ದೊಡ್ಡ ಮೀನು. ಕಪ್ಪೆ ಹತ್ತಿರ ಬಂದರೆ ನುಗ್ಗಿ ಓಡಿಸುತ್ತಿದ್ದವು. ಬಾಳವ್ವ ಬುತ್ತಿ ತಂದವಳು ಅದನ್ನು ನೋಡುತ್ತ ಕೂತುಬಿಡುತ್ತಿದ್ದಳು. ಬಸುರಿ ಬಾಣಂತಿಯರನ್ನು ವಿಚಾರಿಸುವಂತೆ, ಇವತ್ತು ಮರಿ ಯಾವ ಕಡೆ ಇದ್ದವು ಎಂದು ಮಗನನ್ನು ಕೇಳುತ್ತಿದ್ದಳಂತೆ. ಆ ಜೋಡಿಯನ್ನು ಮಾತ್ರ ಎಂದೂ ಹಿಡಿಯಬೇಡ ಎಂದು ರೇಣವ್ವನಿಗೆ ಹೇಳಿಟ್ಟಳು.

ಶ್ರಾವಣದ ಒಂದು ರಾತ್ರಿ ಧೋ ಎಂದು ಮಳೆ ಹೊಡೆಯಿತು. ಹೊಸ ನೀರು ಹರಿದರೆ ಕೊರವ ಹೊಂಡದಲ್ಲಿ ನಿಲ್ಲುವುದಿಲ್ಲ, ನೆಲದ ಮೇಲೆ ತೆವಳಿಕೊಂಡು ಹೊರಡುತ್ತದೆಂಬುದು ರೇಣವ್ವನಿಗೆ ಗೊತ್ತು. ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ಎಲ್ಲ ಹೋದವೆಂದೇ ಮನಸ್ಸು ಗಟ್ಟಿಮಾಡಿಕೊಂಡು ಕೆಸರಿನಲ್ಲಿ ಹೊಲದ ಹಾದಿ ಹಿಡಿದಳು. ದೂರದಿಂದಲೇ ಶೇಂಗಾದ ಸಾಲಿನಲ್ಲಿ ಯಾರೋ ಬಗ್ಗಿ ನಡೆಯುವುದು ಕಂಡಿತು. ಹತ್ತಿರ ಹೋದರೆ ಬಾಳವ್ವ. ಹಣೆಯಲ್ಲಿ ಆಗಷ್ಟೇ ಹಚ್ಚಿದ ವಿಭೂತಿ, ಇಳಕಲ್ ಸೀರೆಯ ಸೆರಗಿನಲ್ಲಿ ಮಿಸುಕಾಡುವ ಕೊರವ. ಹೊಂಡದ ತನಕ ಹೋಗಿ ಸೆರಗು ಬಿಚ್ಚಿ ನೀರಿಗೆ ಬಿಟ್ಟು, ಇನ್ನೊಂದಕ್ಕೆ ತಿರುಗಿದಳು. ಶಿವಯೋಗೀಶ ಆಚೆ ಕಡೆ ಕೋಡಿಗೆ ಹಳೆಯ ಬಲೆ ಕಟ್ಟುತ್ತಿದ್ದ.

ರೇಣವ್ವ ಇದ್ದಲ್ಲೇ ನಿಂತಳು. ಹುಟ್ಟಿದಾಗಿನಿಂದ ಮೀನು ಮುಟ್ಟದ ಕೈ ಅದು, ಅದೂ ಶ್ರಾವಣ ಸೋಮವಾರ.

“ಅವ್ವಾರ, ಪೂಜಿ ಆಗಿತ್ತೇನ್ರಿ?”

“ಆಗಿತ್ತು. ಮತ್ತ ಜಳಕಾ ಮಾಡಿದ್ರ ಆತು. ಮೊದಲ ಹಾವು ಅಂತ ಬಡಿಗಿ ತಂದಿದ್ನಿ. ಮಾರಿ ನೋಡಿದ್ರ ನಿನ್ನ ಮೀನ. ನಿಂತಿ ಯಾಕ, ಆ ಸಾಲಿನ್ಯಾಗ ನೋಡು.”

ಇಬ್ಬರೂ ಬಿಸಿಲೇರುವ ತನಕ ಸಾಲು ಸಾಲು ಹುಡುಕಿದರು. ಎಷ್ಟೋ ಹಳ್ಳದ ಪಾಲಾಗಿದ್ದವು, ಎಷ್ಟೋ ಸಿಕ್ಕವು. ಕೆಂಪು ಮರಿಗಳಿದ್ದ ಜೋಡಿ ಮಾತ್ರ ಮೂಲೆಯ ಹುಲ್ಲು ಬಿಟ್ಟು ಕದಲಿರಲಿಲ್ಲ. ಅದನ್ನು ಕಂಡು ಬಾಳವ್ವ, ಮಕ್ಕಳಿದ್ದವರು ಎಲ್ಲಿಗೆ ಹೋದಾರು ಎಂದಳು.

ಈಗ ಪ್ರತಿ ಬೇಸಿಗೆ ಗೋಕುಲ ರಸ್ತೆಯಲ್ಲಿ ಭಾನುವಾರಕ್ಕೊಮ್ಮೆ ಕೊರವದ ಸಾರು ಇರುತ್ತದೆ. ಮುಗಿದ ಮೇಲೆ ಬಂದವರು ಮುಖ ಸಣ್ಣ ಮಾಡಿಕೊಂಡು ಬಂಗಡೆ ಉಣ್ಣುತ್ತಾರೆ. ರೇಣವ್ವ ಶನಿವಾರ ಸಂಜೆ ಬಲೆ ತೆಗೆದುಕೊಂಡು ಹೊಲಕ್ಕೆ ಬರುತ್ತಾಳೆ, ಬಾಳವ್ವನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾಳೆ. ಮೊನ್ನೆ ಹಾಗೆ ಬಂದಾಗ ಮೀನು ಹಿಡಿದು ಕ್ಯಾನಿಗೆ ಬಟ್ಟೆ ಬಿಗಿಯುತ್ತಿದ್ದಳು. ಬಾಳವ್ವ ಸುತ್ತ ಯಾರಾದರೂ ಇದ್ದಾರೆಯೇ ನೋಡಿ, ದನಿ ಇಳಿಸಿ ಕೇಳಿದಳು.

“ಒಂದು ಕೇಳ್ತೇನಿ, ನಗಬ್ಯಾಡ ಮತ್ತ. ಅದು ಬಾಯಾಗ ಹೆಂಗ ಇರತೈತಿ?”

ರೇಣವ್ವ ನಗಲಿಲ್ಲ. ಎಂದೂ ಉಣ್ಣದವರಿಗೆ ಹೇಗೆ ಹೇಳುವುದೆಂದು ಬಹಳ ಹೊತ್ತು ಯೋಚಿಸಿದಳು. ಬದನೆಕಾಯಿ ಅಲ್ಲ, ಅಣಬೆಯೂ ಅಲ್ಲ.

“ಎಳೀ ಜ್ವಾಳದ ಸೀತನಿ ಸುಟ್ಟು ತಿಂತೀರಲ್ರಿ, ಹಾಲು ತುಂಬಿದ್ದು. ಹಂಗ ಸೀಯ್ ಇರತೈತ್ರಿ. ಅದರ ಮ್ಯಾಲ ಹುಣಸಿ ಹುಳಿ, ಖಾರ.”

ಬಾಳವ್ವ ಬಾಯಲ್ಲಿ ಏನೋ ರುಚಿ ನೋಡುವವಳಂತೆ ನಾಲಗೆ ಆಡಿಸಿದಳು.

“ಹಂಗಾದ್ರ ಛಲೋನ ಇರಬೇಕ ಬಿಡು. ನನಗ ಸೀತನಿ ಸಾಕು.”

ಬಸ್ಸಿನ ಹೊತ್ತಾಗಿತ್ತು. ಕ್ಯಾನಿನ ಒಂದು ಹಿಡಿಕೆಯನ್ನು ರೇಣವ್ವ ಹಿಡಿದಳು, ಇನ್ನೊಂದನ್ನು ಬಾಳವ್ವ ಹಿಡಿದಳು. ನೀರು ತುಳುಕದಂತೆ ನಿಧಾನಕ್ಕೆ ಬದುವಿನ ಮೇಲೆ ರಸ್ತೆಯ ಕಡೆಗೆ ನಡೆದರು.