ಗಾದಿಗಾಗಿ ಕಲಿತ ಪಿಲಾಟೀಸ್

ಬೆಟಗೇರಿಯಲ್ಲಿ ನಮ್ಮದು ಸೀರೆ, ಧೋತರ, ಕುಪ್ಪಸದ ಖಣದ ಅಂಗಡಿ. ನೆಲದ ಮೇಲೆ ಉದ್ದಕ್ಕೂ ಬಿಳಿ ಗಾದಿ, ಒರಗಲು ಲೋಡು. ಮೂವತ್ತೈದು ವರ್ಷ ನಾನು ಆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವನು. ಗಿರಾಕಿಗಳೂ ಚಪ್ಪಲಿ ಬಿಟ್ಟು ಬಂದು ನನ್ನೆದುರೇ ಕೂರುತ್ತಾರೆ. ಮದುವೆಯ ಜವಳಿ ತೆಗೆಯುವವರಂತೂ ಮನೆಮಂದಿಯೆಲ್ಲ ಬಂದು ಅರ್ಧ ದಿನ ಬೀಡುಬಿಡುತ್ತಾರೆ. ಚಹಾ ಬರುತ್ತದೆ, ಬೀಗರ ಮೇಲೆ ಸಿಟ್ಟು ಬರುತ್ತದೆ, ಕೊನೆಗೆ ಹೇಗೋ ಸೀರೆ ನಿಕ್ಕಿಯಾಗುತ್ತದೆ.

ಹೋದ ವರ್ಷ ಆ ಗಾದಿಯಿಂದ ಏಳಲು ನನಗೆ ಇನ್ನೊಬ್ಬರ ಕೈ ಬೇಕಾಗತೊಡಗಿತು. ಗದಗಿನ ಡಾಕ್ಟರು ಎಲುಬು ಗಟ್ಟಿಯಿದೆ, ಅದನ್ನು ಹಿಡಿದು ನಿಲ್ಲಿಸುವ ಸ್ನಾಯುಗಳು ಸೋತಿವೆ, ಒಂದೋ ಕುರ್ಚಿಯ ಮೇಲೆ ಕೂರಿ, ಇಲ್ಲವೇ ಪಿಲಾಟೀಸ್ ಕಲಿಯಿರಿ ಎಂದರು. ಅದೊಂದು ಗುಳಿಗೆ ಇರಬೇಕು ಎಂದುಕೊಂಡೆ, ನೋಡಿದರೆ ಚಾಪೆಯ ಮೇಲೆ ಮಾಡುವ ವ್ಯಾಯಾಮ. ಜೊತೆಗೆ ಬಂದಿದ್ದ ನನ್ನ ತಮ್ಮನ ತಲೆಯಲ್ಲಿ ಮಾತ್ರ ಕುರ್ಚಿ ಕೂತುಬಿಟ್ಟಿತು. ಗಾದಿ ತೆಗೆದು ಗಾಜಿನ ಕೌಂಟರ್ ಹಾಕಿಸೋಣ ಎಂದು ಬಹಳ ದಿನಗಳಿಂದ ಅವನ ಹಟ. ಮರುದಿನವೇ ಬಡಿಗ ಬಂದು ಅಳತೆ ತೆಗೆದುಕೊಂಡ.

ನನಗೆ ಮೈಯೆಲ್ಲ ಉರಿಯಿತು. ಹಿರಿಯರನ್ನು ಕೆಳಗೆ ಕೂರಿಸಿ ನಾನು ಕುರ್ಚಿಯ ಮೇಲಿಂದ ಸೀರೆ ತೋರಿಸಬೇಕೇ? ಎಲ್ಲರಿಗೂ ಕುರ್ಚಿ ಹಾಕಿದರೆ ಹದಿನಾಲ್ಕು ಮಂದಿಯ ಜವಳಿಯನ್ನು ಎಲ್ಲಿ ಹರಡುವುದು? ಗಾದಿ ಹೋದರೆ ನಾನೂ ಅಂಗಡಿಗೆ ಬರುವುದಿಲ್ಲ ಎಂದು ಕೂಗಾಡಿದೆ. ತಮ್ಮ ಜಾಣ, ದನಿ ಏರಿಸಲಿಲ್ಲ.

"ತುಳಸಿ ಲಗ್ನದತನಕ ಟೈಮ್ ತಗೋ, ಅಣ್ಣಾ. ಅಷ್ಟರಾಗ ಲೋಡು ಹಿಡೀದ, ಕೈ ಊರದ ಗಾದಿಯಿಂದ ಎದ್ದು ತೋರಸು. ಆಗಲಿಲ್ಲಂದ್ರ ಬಡಿಗ್ಯಾಗ ಹೇಳ್ತೀನಿ" ಎಂದ. ಆಗಷ್ಟೇ ಶ್ರಾವಣ ಮುಗಿದಿತ್ತು. ದೀಪಾವಳಿಯ ನಂತರದ ತುಳಸಿ ಹಬ್ಬಕ್ಕೆ ಇನ್ನೂ ಎರಡೂವರೆ ತಿಂಗಳಿತ್ತು, ಧಾರಾಳ ಆಯಿತು ಎಂದು ನಾನು ಒಪ್ಪಿಕೊಂಡೆ.

ಕ್ಲಾಸು ಗದಗಿನಲ್ಲಿ, ಮಾಳಿಗೆಯ ಮೇಲಿನ ಒಂದು ಕೋಣೆಯಲ್ಲಿ. ಕಲಿಸುವವಳು ಡೋಣಿ ಎಂಬ ಹಳ್ಳಿಯ ರೈತರ ಮನೆಯ ಹುಡುಗಿ, ಫಿಸಿಯೋಥೆರಪಿ ಓದಿದವಳು. ಕಲಿಯುವವರು ಐವರು ಹೆಂಗಸರು, ಜೊತೆಗೆ ಪೈಜಾಮ ತೊಟ್ಟ ನಾನು. ಐವರಲ್ಲಿ ಇಬ್ಬರು ಉಟ್ಟ ಸೀರೆ ನಮ್ಮ ಅಂಗಡಿಯದೇ ಎಂದು ಬಾಗಿಲಲ್ಲೇ ಗುರುತಿಸಿದೆ, ನಾಚಿಕೆ ಅಲ್ಲಿಗೇ ಮುಗಿಯಿತು.

ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಬೇಕು. ಉಸಿರು ಬಿಡುತ್ತ ಹೊಕ್ಕುಳನ್ನು ಒಳಗೆಳೆದು ಸೊಂಟ ಎತ್ತಬೇಕು. ಆಮೇಲೆ ಬೆನ್ನಿನ ಮಣಿಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸಬೇಕು. ಇಂಥವು ಹತ್ತು. ಇಷ್ಟೇನಾ ಎಂದುಕೊಂಡೆ. ಆರನೆಯದಕ್ಕೆ ತೊಡೆ ಗಡಗಡ ನಡುಗಿತು. ಆದರೂ ಹನ್ನೆರಡು ಮಾಡಿದೆ.

ಆ ಎರಡು ಯಾಕೆಂದರೆ, ನಾನು ಅಂಗಡಿಯವನು. ಮೀಟರ್ ಹಿಡಿದು ಅಳೆದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿ ಹಾಕುವುದು ನಮ್ಮಪ್ಪ ಕಲಿಸಿದ ಪಾಠ. ಅಳತೆಯ ಮೇಲೆ ಕೊಸರು ಕೊಡದ ಕೈ ಅವನ ಲೆಕ್ಕದಲ್ಲಿ ಕೈಯೇ ಅಲ್ಲ. ಹಾಗಾಗಿ ಅವಳು ಎಷ್ಟು ಹೇಳಿದರೂ ನಾನು ಎರಡು ಹೆಚ್ಚು. ಕಾಲನ್ನು ಗೇಣೆತ್ತರ ಎತ್ತಿ ಎಂದರೆ ನನ್ನದು ಮೊಳದೆತ್ತರ. ಉಸಿರು ಸಾಲದಿದ್ದರೆ ಕಟ್ಟಿಹಿಡಿದು ಮುಗಿಸುತ್ತಿದ್ದೆ. ದಸರೆ ಹತ್ತಿರ ಬಂದಂತೆ ಅವಸರ ಹೆಚ್ಚಾಗಿ, ಒಂದು ಬೆಳಿಗ್ಗೆ ಅವಳು ಬೇರೆಯವರನ್ನು ತಿದ್ದುತ್ತಿದ್ದಾಗ ಹತ್ತರ ಜಾಗದಲ್ಲಿ ಇಪ್ಪತ್ತು ಮಾಡಿದೆ. ಮನೆಗೆಂದು ಹೊರಟವನಿಗೆ ಅರ್ಧ ಮೆಟ್ಟಿಲಲ್ಲೇ ಬೆನ್ನು ಹಿಡಿದುಕೊಂಡಿತು. ಕೆಳಗೂ ಇಳಿಯಲಾರೆ, ಮೇಲೂ ಹತ್ತಲಾರೆ.

ತಮ್ಮ ಸ್ಕೂಟರ್ ತಂದ. ನನ್ನನ್ನು ಮೆಲ್ಲಗೆ ಕೆಳಗಿಳಿಸಿ ಹಿಂದೆ ಕೂರಿಸಿಕೊಂಡ. ಬೈದಿದ್ದರೆ ವಾಸಿಯಿತ್ತು. ಮನೆಯಲ್ಲಿ ಮಲಗಿದ ಐದು ದಿನವೂ ಗಾದಿ ಹೋಯಿತು ಎಂದೇ ಅನ್ನಿಸುತ್ತಿತ್ತು. ಗೋಡೆಯ ಕಡೆ ತಿರುಗಿ ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಆರನೆಯ ದಿನ ಕ್ಲಾಸಿಗೆ ಹೋದಾಗ ಎಷ್ಟು ಮಾಡಿದ್ದಿರಿ ಎಂದು ಅವಳು ಕೇಳಿದಳು. ಇದ್ದದ್ದು ಹೇಳಿದೆ, ಕಾರಣವನ್ನೂ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ಅವಳು ನಗಲಿಲ್ಲ.

"ಕಾಕಾ, ಕೊಸರು ಗಿರಾಕಿಗೆ ಕೊಡ್ರಿ, ಬೆನ್ನಿಗೆ ಬ್ಯಾಡ. ಹತ್ತಂದ್ರ ಹತ್ತ. ಎಂಟಕ್ಕ ಉಸರು ಕಟ್ಟಿದ್ರ ಎಂಟಕ್ಕ ನಿಲ್ಲಸ್ರಿ."

ನನ್ನ ಮಗಳ ವಯಸ್ಸಿನವಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಜ ಹೇಳಬೇಕೆಂದರೆ ಹತ್ತು ಮಾಡುವುದಕ್ಕಿಂತ ಹತ್ತಕ್ಕೆ ನಿಲ್ಲಿಸುವುದೇ ನನಗೆ ಕಷ್ಟವಾಯಿತು. ನಿಧಾನ ಮಾಡಿದ ಮೇಲೆಯೇ ಮೈ ಎಲ್ಲಿ ಕೆಲಸ ಮಾಡುತ್ತಿದೆ ಎಂದು ತಿಳಿಯತೊಡಗಿತು. ಬೆನ್ನನ್ನು ಚಾಪೆಗೆ ಇಳಿಸುವಾಗ ಬಟ್ಟೆಯ ಥಾನನ್ನು ಗಾದಿಯ ಮೇಲೆ ಸುಕ್ಕಿಲ್ಲದೆ ಬಿಚ್ಚಿದ ಹಾಗೆ ಇಳಿಸುತ್ತಿದ್ದೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಆ ಕೋಣೆಯಲ್ಲಿ ಇರಲಿಲ್ಲ. ಕೊನೆಯ ವಾರಗಳಲ್ಲಿ ಅವಳು ನೆಲದಿಂದ ಏಳುವುದನ್ನು ಕಲಿಸಿದಳು. ಅಂಗಡಿಯಲ್ಲಿ ಮಾತ್ರ ನಾನು ಬೇಕೆಂದೇ ಮೊದಲಿನಂತೆ ತಮ್ಮನ ಕೈ ಹಿಡಿದೇ ಏಳುತ್ತಿದ್ದೆ.

ತುಳಸಿ ಲಗ್ನಕ್ಕೆ ಮೂರು ದಿನ ಇರುವಾಗ ಹೊಂಬಳದಿಂದ ಜವಳಿಗೆ ಬಂದರು. ಹದಿನಾಲ್ಕು ಮಂದಿ, ಎಲ್ಲರಿಗೂ ಮುಖ್ಯಸ್ಥೆಯಾಗಿ ಒಬ್ಬ ಅಜ್ಜಿ. ಹತ್ತು ಗಂಟೆಗೆ ಕುಳಿತವರು ಎರಡಾದರೂ ಕದಲಲಿಲ್ಲ, ನಾನೂ ಕದಲಲಿಲ್ಲ. ಕೊನೆಗೆ ಅಜ್ಜಿ ತನಗೊಂದು ಹಸಿರು ಖಣ ಕೇಳಿದಳು. ಅದು ಹಿಂದಿನ ಕಪಾಟಿನಲ್ಲಿತ್ತು. ತಮ್ಮ ರೂಢಿಯಂತೆ ನನ್ನ ಕಡೆ ಕೈ ಚಾಚಿದ.

ಉಸಿರು ಬಿಟ್ಟೆ, ಹೊಕ್ಕುಳು ಒಳಗೆಳೆದೆ, ಒಂದು ಪಾದ ಮುಂದಿಟ್ಟೆ, ಎದ್ದೆ.

ತಮ್ಮನ ಕೈ ಗಾಳಿಯಲ್ಲೇ ಉಳಿಯಿತು. ಬಣ್ಣ ನೋಡಲು ತಾನೂ ಏಳಬೇಕೆಂದಿದ್ದ ಅಜ್ಜಿ ಆ ಕೈಯನ್ನೇ ಹಿಡಿದುಕೊಂಡು ಎದ್ದಳು. ಅವಳನ್ನು ನಿಲ್ಲಿಸಿದ ಮೇಲೆ ತಮ್ಮ ನನ್ನತ್ತ ನೋಡಿ, "ಆತು ಬಿಡಪಾ, ಬಡಿಗ್ಯಾಗ ಬ್ಯಾಡ ಅಂತೀನಿ" ಎಂದ.

ಅಷ್ಟು ಜನರ ಎದುರು ಇನ್ನೊಮ್ಮೆ ಕುಳಿತು ಎದ್ದು ತೋರಿಸಲು ಮೈ ತುದಿಗಾಲಲ್ಲಿ ನಿಂತಿತ್ತು. ಒಂದೆಂದರೆ ಒಂದೇ ಎಂದು ತಡೆದುಕೊಂಡೆ. ಅಜ್ಜಿಯ ಖಣ ಅಳೆದು, ನಾಲ್ಕರ ಜಾಗದಲ್ಲಿ ಎಂಟು ಬೆರಳು ಬಿಟ್ಟು ಕತ್ತರಿ ಹಾಕಿದೆ.