ಪಕ್ಕದ ಸೀಟಿನ ಮೇಷ್ಟ್ರು

ಅವರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತಿರಲಿ, ಮನೆಯ ಜಗಲಿಯ ಮೇಲಿರಲಿ, ಎದುರಿಗೆ ಏನಾದರೂ ವೇಗವಾಗಿ ಬಂದರೆ ಸಾಕು, ಆ ಪಾದ ತಾನಾಗಿ ನೆಲವನ್ನು ಒತ್ತುತ್ತಿತ್ತು. ಹೆಬ್ಬೆರಳು ಒತ್ತಿ ಒತ್ತಿ ಚಪ್ಪಟೆಯಾಗಿ, ಉಗುರು ಅರ್ಧವೇ ಉಳಿದಿತ್ತು. ಕಾರು ಕಲಿಸುವ ಗಾಡಿಗಳಲ್ಲಿ ಎಡಗಡೆ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರ ಕೈಕಾಲು ತಪ್ಪಿದಾಗ ಊರನ್ನು ಕಾಯುವುದು ಅದೇ. ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಆ ಬ್ರೇಕಿನ ಮೇಲೆ ಇದ್ದ ಕಾಲು ಅದು.

ನಾವೆಲ್ಲ ಅವರನ್ನು ಡ್ರೈವಿಂಗ್ ಮೇಷ್ಟ್ರು ಎನ್ನುತ್ತಿದ್ದೆವು. ನಾನು ಬಿ.ಜಿ. ಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು; ಚಳ್ಳಕೆರೆಯಿಂದ ದಿನಾ ಬಸ್ಸಿಗೆ ಕಾದು ಸಾಕಾಗಿ, ನಲವತ್ತರ ಹತ್ತಿರ ಬಂದ ಮೇಲೆ ಅವರ ಬಳಿ ಕಾರು ಕಲಿಯಲು ಸೇರಿದೆ. ಅವರು ನನ್ನನ್ನು ಟೀಚ್ರಮ್ಮ ಎನ್ನುತ್ತಿದ್ದರು. ಮೊದಲ ದಿನವೇ ಹಾರ್ನ್ ಬಡಿದುದಕ್ಕೆ ಬೈಸಿಕೊಂಡೆ. ಹಾರ್ನ್ ಎಂದರೆ ಬೈಗುಳವಂತೆ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಾಯಿ ಬಿಡಬೇಕಂತೆ. ಕುರಿಹಿಂಡು ಬಂದರೆ ಎಂಜಿನ್ ಆರಿಸಿ ಕಾಯಬೇಕು. ಹಿಂದಿನ ಲಾರಿಯವನು ಎಷ್ಟೇ ಕಿರುಚಲಿ, ಕೊನೆಯ ಮರಿ ದಾಟುವ ತನಕ ಚಾವಿಗೆ ಕೈ ಹಾಕುವಂತಿಲ್ಲ. ಸಮಾಧಾನವಾಗಿದ್ದಾಗ ಅವರ ಬಾಯಲ್ಲಿ ಕನ್ನಡ ಬರುತ್ತಿತ್ತು. ಗಾಬರಿಯಾದರೆ ಮನೆಮಾತು ತೆಲುಗು ಬರುತ್ತಿತ್ತು. ನನಗೆ ಮೊದಲ ತಿಂಗಳು ಬರೀ ತೆಲುಗು ಕೇಳಿಸಿತು.

ಅವರದೊಂದು ನಿಯಮವಿತ್ತು. ಕಲಿಯುವವರು ಏನೇ ಮಾಡಲಿ, ಯಾರ ಕಾಂಪೌಂಡಿಗೇ ಗುದ್ದಲಿ, ಮೇಷ್ಟ್ರು ಮೊದಲು ಇಳಿದು ಹೋಗಿ, ತಪ್ಪು ನಂದು ಅನ್ನುತ್ತಿದ್ದರು. ನಾನು ಒಬ್ಬರ ಹೂವಿನ ಕುಂಡಗಳ ಸಾಲನ್ನೇ ಉರುಳಿಸಿದಾಗಲೂ ಹಾಗೆಯೇ ಆಯಿತು. ಮನೆಯಾಕೆ ಅವರಿಗೆ ಮನಸಾರೆ ಬೈಯುತ್ತಿದ್ದರೆ ನಾನು ಸ್ಟೇರಿಂಗ್ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. ವಾಪಸ್ ಬಂದು ಕೂತು ಹೇಳಿದರು: "ಪಕ್ಕದಾಗೆ ನಾನು ಕುಂತಿದೀನಿ ಅಂದ್ಮೇಲೆ ಗಾಡಿ ನಂದೇ ಟೀಚ್ರಮ್ಮ. ನೀವು ರಸ್ತೆ ನೋಡ್ರಿ."

ನಾಲ್ಕೈದು ವರ್ಷ ಹಳೆಯ ಕಾರೊಂದನ್ನು ಓಡಿಸಿ, ಎಲ್ಲರೂ ಹೇಳುತ್ತಾರೆಂದು ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟೆ. ಅಷ್ಟರಲ್ಲಿ ಮೇಷ್ಟ್ರು ಕಲಿಸುವುದನ್ನು ನಿಲ್ಲಿಸಿದ್ದರು. ಆಯ್ಕೆ ಎರಡು ಗಾಡಿಗಳಿಗೆ ಇಳಿದಿತ್ತು, ಒಂದು ಬಿಳಿ, ಒಂದು ನೀಲಿ. ಎರಡಕ್ಕೂ ಚಾಲಕರಿಗೆ ನೆರವಾಗುವ ಹೊಸ ಸವಲತ್ತುಗಳು ಸಾಲುಸಾಲಾಗಿದ್ದವು. ಮುಂದಿನ ವಾಹನದ ವೇಗ ನೋಡಿಕೊಂಡು ತಾನೂ ನಿಧಾನವಾಗುವುದು, ಬಿಳಿ ಗೆರೆ ದಾಟಿದರೆ ಸ್ಟೇರಿಂಗನ್ನು ಒಳಕ್ಕೆಳೆಯುವುದು, ಕನ್ನಡಿಗೆ ಕಾಣದ ಬೈಕನ್ನು ದೀಪ ಹಚ್ಚಿ ತೋರಿಸುವುದು, ಗುದ್ದುವ ಹಾಗಿದ್ದರೆ ತಾನೇ ಬ್ರೇಕ್ ಹಾಕುವುದು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಕಾಲಂ ಮಾಡಿ ಅಂಕ ಕೊಡುತ್ತಾ ಹೋದೆ. ಪರೀಕ್ಷೆ ಓಟಕ್ಕೆ ಮೇಷ್ಟ್ರನ್ನೂ ಕರೆದುಕೊಂಡು ಹೋದೆ. ಅವರಿಗೆ ಅದು ಮದುವೆಗೆ ಹೆಣ್ಣು ನೋಡಲು ಹೋದಷ್ಟು ಸಂಭ್ರಮ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಹೆದ್ದಾರಿಯಲ್ಲಿ ಎರಡೂ ಗಾಡಿಗಳು ಚೆನ್ನಾಗಿ ನಡೆದುಕೊಂಡವು. ಮೇಷ್ಟ್ರು ಅಷ್ಟಕ್ಕೆ ಬಿಡದೆ ದೇವಸಮುದ್ರದ ಕಡೆಯ ಹಳ್ಳಿ ದಾರಿಗೆ ತಿರುಗಿಸಿ ಎಂದರು. ಅಲ್ಲಿ ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರವಿದ್ದರು. ನಾನು ಅದನ್ನು ತಪ್ಪಿಸಲು ಬಲಕ್ಕೆ ಸರಿದರೆ ನೀಲಿ ಕಾರು ಗೆರೆಯ ಒಳಗೇ ಇರಬೇಕೆಂದು ಸ್ಟೇರಿಂಗನ್ನು ಹುರುಳಿಯ ಕಡೆಗೆ ಎಳೆಯಿತು. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ಬಿಳಿ ಕಾರಿನ ಕಥೆಯೇ ಬೇರೆ. ರಸ್ತೆಬದಿಯ ಬಣವೆ ಕಂಡರೆ ಕೂಗು, ಬಾಗಿದ ಜಾಲಿ ಕೊಂಬೆ ಕಂಡರೆ ಕೂಗು, ಒಮ್ಮೆಯಂತೂ ಗಾಳಿಗೆ ಹಾರಿಬಂದ ಗೋಣಿಚೀಲಕ್ಕೆ ಗಕ್ಕನೆ ಬ್ರೇಕ್ ಹಾಕಿ ನಮ್ಮಿಬ್ಬರ ಹಣೆಯನ್ನೂ ಮುಂದಕ್ಕೆ ತಂದಿತು. ನಾನು ಅದರ ಕಾಲಮ್ಮಿನಲ್ಲಿ ಪುಕ್ಕಲು ಎಂದು ಬರೆದೆ.

ಮೇಷ್ಟ್ರಿಗೆ ಹಿಡಿಸಿದ್ದು ಆ ಪುಕ್ಕಲು ಗಾಡಿಯೇ. ಹೆದರುವ ಗಾಡಿಯನ್ನು ನಂಬಬಹುದು, ನೀಲಿಯದು ತನಗೆಲ್ಲ ಗೊತ್ತು ಅನ್ನುವ ಜಾತಿ, ಬೇಡ ಎಂದರು. ಇನ್ನೊಂದು ಮಾತೂ ಹೇಳಿದರು. ಈ ಗಾಡಿಗಳಿಗೆ ಸಪ್ಪಳವೇ ಇಲ್ಲ, ದನಗಳು ಸಪ್ಪಳ ಕೇಳಿ ಸರಿಯುವಂಥವು, ಅವು ಏನು ಮಾಡಬೇಕು? ನಾನು ಕ್ಯಾಮೆರಾ, ರೇಡಾರ್ ಎಂದು ತರಗತಿಯಲ್ಲಿ ಹೇಳುವ ಹಾಗೆ ವಿವರಿಸಿದೆ. ನೀಲಿ ಕಾರಿನ ಕೈಪಿಡಿಯ ಒಂದು ಮೂಲೆಯಲ್ಲಿ, ಪ್ರಾಣಿಗಳನ್ನು ಗುರುತಿಸದೆ ಇರಬಹುದು ಎಂದು ಸಣ್ಣ ಅಕ್ಷರದಲ್ಲಿತ್ತು. ಅದನ್ನು ಓದಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಮೇಷ್ಟ್ರಿಗೆ ಹೇಳಲಿಲ್ಲ. ನೀಲಿ ಕಾರನ್ನೇ ಕೊಂಡೆ.

ಮುಂದಿನದನ್ನು ಹೇಳುವ ಮೊದಲು ಮೇಷ್ಟ್ರು ಹುಟ್ಟಿ ಬೆಳೆದ ಹಟ್ಟಿಯ ವಿಷಯ ಹೇಳಬೇಕು. ಅವರ ಕುಲದವರಿಗೆ ದೇವರ ಎತ್ತುಗಳ ಮಂದೆಯೊಂದಿದೆ. ಅವಕ್ಕೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನೆಯ ಹಿರಿಯರನ್ನು ಮಣ್ಣು ಮಾಡಿದ ಹಾಗೆ ಮಾಡುತ್ತಾರೆ. ಮಂದೆ ಕಾಯುವವನಿಗೆ ಕಿಲಾರಿ ಎಂದು ಹೆಸರು. ಮಂದೆ ಮೇಯುತ್ತಿದ್ದ ವರವು ಕಾವಲಿನ ಹುಲ್ಲುಗಾವಲಿಗೆ ಬೇಲಿ ಬಿದ್ದ ಮೇಲೆ ಮಂದೆ ಹುಲ್ಲು ಹುಡುಕಿ ಸುತ್ತು ಹಾಕಬೇಕಾಗಿ, ವರ್ಷಕ್ಕೊಮ್ಮೆ ಹೆದ್ದಾರಿ ದಾಟುತ್ತದೆ. ಆ ದಿನ ರಸ್ತೆಯ ನಡುವೆ ಕೆಂಪು ವಸ್ತ್ರ ಹಿಡಿದು ನಿಂತು, ಎರಡೂ ಕಡೆಯ ಲಾರಿಗಳನ್ನು ತಡೆದು, ಮಂದೆಯನ್ನು ದಾಟಿಸುವವರು ಮೇಷ್ಟ್ರು. ಅದು ಹಟ್ಟಿ ಅವರಿಗೆ ಕೊಟ್ಟ ಮರ್ಯಾದೆ. ಎಷ್ಟು ಸಾವಿರ ಜನರಿಗೆ ಕಾರು ಕಲಿಸಿದರೂ ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು ಅದೊಂದನ್ನೇ. ತನ್ನ ಗಾಡಿಗೆ ಇವತ್ತಿನವರೆಗೂ ಒಂದು ಕೋಳಿಯೂ ಸಿಕ್ಕಿಲ್ಲ, ಅದಕ್ಕೇ ವಸ್ತ್ರ ತನ್ನ ಕೈಗೆ ಕೊಟ್ಟಿದ್ದಾರೆ ಎನ್ನುತ್ತಿದ್ದರು.

ಕಾರು ಬಂದು ಮೂರು ತಿಂಗಳಾಗಿರಬೇಕು. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ಬಿ.ಜಿ. ಕೆರೆ ಬಸ್ ಸ್ಟಾಪಿನಲ್ಲಿ ಮೇಷ್ಟ್ರು ನಿಂತಿದ್ದರು, ಹತ್ತಿಸಿಕೊಂಡೆ. ದಾರಿಯುದ್ದಕ್ಕೂ ನನ್ನ ಜಂಬವೇ ಜಂಬ. ಲಾರಿಯ ಹಿಂದೆ ಅದು ತಾನೇ ನಿಧಾನವಾಗುವುದನ್ನು ತೋರಿಸಿದೆ. ಅಡ್ಡ ಬಂದ ಬೈಕಿಗೆ ತಾನೇ ಬ್ರೇಕ್ ಹಿಡಿಯುವುದನ್ನು ತೋರಿಸಿದೆ. ನೀಲಿ ಬೇಡ ಎಂದಿದ್ದರಲ್ಲ, ಅವರಿಂದ ಸೈ ಅನ್ನಿಸಿಕೊಳ್ಳಬೇಕೆಂಬ ಹಟ ನನಗೆ. ಕಾವಲಿನ ಕಡೆಯ ರಸ್ತೆಯಲ್ಲಿ ಬಿಸಿಲು ಬಲಗಡೆಯಿಂದ ಓರೆಯಾಗಿ ಬೀಳುತ್ತಿತ್ತು. ದೂರದಲ್ಲಿ ಒಂದು ಹೋರಿಗರು ಜಾಲಿ ಸಾಲಿನಿಂದ ರಸ್ತೆಗೆ ಇಳಿಯಿತು. ನಾನು ನೋಡಿದೆ. ಚೆನ್ನಾಗಿಯೇ ನೋಡಿದೆ.

ಮೇಷ್ಟ್ರು, "ಬ್ರೇಕ್ ಹಿಡೀರಿ ಟೀಚ್ರಮ್ಮ" ಅಂದರು.

"ನೋಡ್ತಾ ಇರಿ ಮೇಷ್ಟ್ರೇ, ತಾನೇ ನಿಲ್ತದೆ" ಅಂದೆ.

ಅವರ ಬಲಗಾಲು ಖಾಲಿ ಮ್ಯಾಟನ್ನು ಒತ್ತುತ್ತಿತ್ತು. ಆಪಮ್ಮಾ, ಆಪು ಎಂದು ತೆಲುಗಿನಲ್ಲಿ ಕೂಗಿದರು. ಕಾರು ಕೊನೆಗೆ ಕಿರುಚಿತು, ಬ್ರೇಕನ್ನೂ ಹಾಕಿತು, ನಾನೂ ತುಳಿದೆ. ಆದರೆ ಹೊತ್ತು ಮೀರಿತ್ತು. ಕಾರು ಸೊಂಟಕ್ಕೆ ಬಡಿದು ಕರು ರಸ್ತೆಯ ಆಚೆಗೆ ಬಿತ್ತು. ಏಳಲು ಹೋಗಿ ಹಿಂಗಾಲು ಬಾರದೆ ಮತ್ತೆ ಬಿತ್ತು. ಅದರ ತೊಡೆಯ ಮೇಲಿನ ಮುದ್ರೆ ಕಂಡಾಗಲೇ ಅದು ದೇವರ ಮಂದೆಯದು ಎಂದು ಮೇಷ್ಟ್ರಿಗೆ ತಿಳಿಯಿತು.

ಅವರು ಇಳಿದು ಮುಂದಿನಿಂದ ಸುತ್ತಿ ಬಂದು ನನ್ನ ಬಾಗಿಲು ತೆರೆದರು. "ಇಳೀರಿ. ಆ ಕಡೆ ಹೋಗಿ ಕುಂದ್ರಿ" ಅಂದರು. ನಾನು ಇಳಿದೆ. ಕಾರಿನ ಹಿಂದಿನಿಂದ ನಡೆದುಹೋಗಿ ಎಡಗಡೆ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಯಾರೂ ನನ್ನನ್ನು ಎಳೆದೊಯ್ಯಲಿಲ್ಲ, ಆ ಏಳೆಂಟು ಹೆಜ್ಜೆಗಳನ್ನು ನಾನೇ ಇಟ್ಟೆ. ಕಿಲಾರಿ ಓಡಿ ಬರುವಷ್ಟರಲ್ಲಿ ಮೇಷ್ಟ್ರು ಚಪ್ಪಲಿ ಕಳಚಿ ಕರುವಿನ ಪಕ್ಕ ಮಂಡಿಯೂರಿದ್ದರು. ನನ್ನ ಕೈಲಿ ಆತು ಎಂದರು. ಕಿಲಾರಿ ನಂಬದೆ ಅವರ ಮುಖವನ್ನೂ ಕಾರನ್ನೂ ನೋಡಿದ. ಕೊನೆಗೆ, "ನೀವಾ ಮೇಷ್ಟ್ರೇ?" ಎಂದಷ್ಟೇ ಕೇಳಿದ. ನಾನು ಗಾಜಿನ ಒಳಗೆ ಕೂತು ಅದನ್ನು ಕೇಳಿಸಿಕೊಂಡೆ. ಮೂರನೆಯ ದಿನ ಕರು ಸತ್ತಿತು.

ಹಟ್ಟಿಯವರು ಬೈಯಲಿಲ್ಲ, ದಂಡ ಹಾಕಲಿಲ್ಲ. ಈ ಸಲ ಮಂದೆ ದಾಟುವಾಗ ಬೇರೆಯವರು ನಿಲ್ಲುತ್ತಾರೆ ಎಂದರಂತೆ, ಅಷ್ಟೇ. ನಾನು ಮೇಷ್ಟ್ರ ಮನೆಗೆ ಓಡಿದೆ. ಹಟ್ಟಿಗೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದೆ. ಅವರು ನನ್ನನ್ನು ಹೊರಗೆ ಕರೆದುಕೊಂಡು ಬಂದು, ಬೇಡ ಎಂದರು. ನೀವು ದಿನಾ ಅದೇ ದಾರಿಯಲ್ಲಿ ಓಡಾಡಬೇಕು, ಅದೇ ಮಕ್ಕಳಿಗೆ ಪಾಠ ಹೇಳಬೇಕು ಎಂದರು. "ನಿಮಗೆ ಕಲಿಸ್ದವ ನಾನು. ಪಕ್ಕದಾಗೆ ಕುಂತಿದ್ದವನೂ ನಾನೇ. ಬಿಡ್ರಿ ಅತ್ಲಾಗೆ." ನಾನು ಬಿಟ್ಟೆ. ಒಂದೇ ಸಲ ಬೇಡ ಎಂದಿದ್ದರು, ಎರಡನೇ ಸಲ ಕೇಳಲು ನಾನು ಹೋಗಲೇ ಇಲ್ಲ. ಅವರ ಒಳ್ಳೆಯತನ ನನಗೆ ಅಷ್ಟು ಅನುಕೂಲವಾಗಿತ್ತು.

ಆ ವರ್ಷ ಮಂದೆ ದಾಟುವ ದಿನ ನಾನು ಅದೇ ರಸ್ತೆಯಲ್ಲಿ ಸಿಕ್ಕಿಕೊಂಡೆ. ನಡುವೆ ಕೆಂಪು ವಸ್ತ್ರ ಹಿಡಿದು ಬೇರೊಬ್ಬರು ನಿಂತಿದ್ದರು. ಮೇಷ್ಟ್ರು ಆಚೆ ದಂಡೆಯಲ್ಲಿ, ನೋಡಲು ಬಂದ ಜನರ ಹಿಂದೆ ಬರಿಗಾಲಲ್ಲಿ ನಿಂತಿದ್ದರು. ನನ್ನ ಕಾರು ಕಂಡು, ಎಂಜಿನ್ ಆರಿಸಿ ಎಂದು ಅಭ್ಯಾಸ ಬಲದಿಂದ ಕೈ ತಿರುಗಿಸಿ ತೋರಿಸಿದರು. ಈ ಕಾರಿಗೆ ಸಪ್ಪಳವಿಲ್ಲವೆಂದು ಆಮೇಲೆ ನೆನಪಾಗಿ ನಕ್ಕರು. ಹಟ್ಟಿಯ ಅಷ್ಟೂ ಜನ ಅಲ್ಲಿದ್ದರು. ಬಾಗಿಲು ತೆರೆದು ಇಳಿದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕೊನೆಯ ಎತ್ತು ದಾಟಿದ ಮೇಲೆ ನಾನು ಶಾಲೆಗೆ ಹೊತ್ತಾಯಿತೆಂದು ಹೊರಟುಹೋದೆ. ಮರುವರ್ಷವೂ ವಸ್ತ್ರ ಅವರ ಕೈಗೆ ಬರಲಿಲ್ಲ.

ಆಮೇಲೆ ಮೂರು ತಿಂಗಳಿಗೆ ಅವರು ತೀರಿಕೊಂಡರು. ಎರಡು ದಿನದ ಜ್ವರ, ಆಸ್ಪತ್ರೆಗೆ ಹೋಗೋಣವೆಂದು ಮನೆಯವರು ಹೊರಡುವಷ್ಟರಲ್ಲಿ ಉಸಿರು ನಿಂತಿತ್ತಂತೆ. ಮಣ್ಣಿಗೆ ಹೋದೆ. ಅವರಿಂದ ಕಾರು ಕಲಿತ ಎಷ್ಟೋ ಜನ ಬಂದಿದ್ದರು. ನಾನು ಅಲ್ಲಿಯೂ ಬಾಯಿ ಬಿಡಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಹಟ್ಟಿಗೆ ಹೋದೆ. ಕಿಲಾರಿ ಇದ್ದ, ನಾಲ್ಕು ಜನ ಹಿರಿಯರಿದ್ದರು. ಕಾರು ಓಡಿಸುತ್ತಿದ್ದವಳು ನಾನು, ಬ್ರೇಕ್ ಹಿಡಿಯಿರಿ ಎಂದರೂ ಹಿಡಿಯದವಳು ನಾನು ಎಂದು ಹೇಳಿದೆ. ಕಿಲಾರಿ ಹಿರಿಯರ ಕಡೆ ತಿರುಗಿದ. ಆಮೇಲೆ, ಹಾಗಾದರೆ ಮೇಷ್ಟ್ರ ಕೈ ತಪ್ಪಿರಲಿಲ್ಲ ಎಂದು ಉಳಿದವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ. ಯಾರೂ ನನ್ನ ಮೇಲೆ ರೇಗಲಿಲ್ಲ. ಟೀ ಕೊಟ್ಟರು. ನಿಜ ಹೇಳುತ್ತೇನೆ, ಅಲ್ಲಿಂದ ಬರುವಾಗ ಮನಸ್ಸು ಹಗುರವಾಗಿತ್ತು, ಆ ಹುಮ್ಮಸ್ಸಿನಲ್ಲಿಯೇ ಚಳ್ಳಕೆರೆಗೆ ಬಂದು ಮೇಷ್ಟ್ರ ಹೆಂಡತಿಯ ಮುಂದೆ ಕೂತೆ.

ಆಕೆ ಮೊರದಲ್ಲಿ ಶೇಂಗಾ ಆರಿಸುತ್ತಿದ್ದರು. ಅವರಿಗೆ ಎಲ್ಲ ಗೊತ್ತಿರುತ್ತದೆ, ಗಂಡ ಮನೆಯಲ್ಲಿ ಹೇಳದೆ ಇರುತ್ತಾರೆಯೇ ಎಂದು ನಾನು ತಿಳಿದಿದ್ದೆ. ಹೇಳುತ್ತಾ ಹೋದ ಹಾಗೆ ಅವರ ಕೈ ನಿಂತಿತು. ಅವರಿಗೆ ಏನೂ ಗೊತ್ತಿರಲಿಲ್ಲ. ದೇವರ ಕರು ಕೊಂದು ಬಂದಿರಿ, ಕಣ್ಣು ಕಾಣದ ಮೇಲೆ ಪರರ ಗಾಡಿ ಯಾಕೆ ಮುಟ್ಟಿದಿರಿ ಎಂದು ಆಕೆ ಅವತ್ತು ಅಂದಿದ್ದರಂತೆ. ಆಮೇಲೆಯೂ ಮನೆಯಲ್ಲಿ ಏನು ಕೆಟ್ಟದಾದರೂ ಆ ಮಾತನ್ನೇ ಎತ್ತುತ್ತಿದ್ದರಂತೆ. ಜ್ವರ ಬಂದ ದಿನವೂ ಎತ್ತಿದ್ದರಂತೆ. ಮೇಷ್ಟ್ರು ಒಂದು ಸಲವೂ ತಿರುಗಿ ಮಾತಾಡಿರಲಿಲ್ಲ.

ಆಕೆ ಮೊರವನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು.

"ಎರಡು ವರ್ಸ ಬೈದಿದೀನಿ ಟೀಚ್ರಮ್ಮ. ತಪ್ಪಾತು ಅಂತ ಈಗ ಯಾರಿಗೆ ಹೇಳ್ಲಿ?"