ಅಣ್ಣಪ್ಪ ಗುದ್ದಲಿ ತಂದ

ಕೇಳಿ ಇಲ್ಲಿ, ಇವತ್ತು ಮಧ್ಯಾಹ್ನ ನಮ್ಮ ಕುದುರೆಗಳ ಆಶ್ರಯಧಾಮದಲ್ಲಿ ಹೆಣ ಹೂಳುವ ಜಗಳ.

ಪಕ್ಕದ ಕಬ್ಬಿನ ಹೊಲದ ಅಣ್ಣಪ್ಪ ಗುದ್ದಲಿ ಹಿಡಿದೇ ಓಡಿಬಂದ. "ಅಕ್ಕಾರ, ನಿಮ್ಮ ಚಂದ್ರಿ ಸತ್ತೈತ್ರಿ! ಬೇಲಿ ಹತ್ರ ಕಾಲು ಚಾಚಿ ಬಿದ್ದೈತಿ!"

ಚಂದ್ರಿ ನಿಪ್ಪಾಣಿಯ ಟಾಂಗಾ ಕುದುರೆ. ಊರಿಗೆ ಆಟೋಗಳು ಬಂದ ಮೇಲೆ, ಬೆನ್ನು ತುಂಬ ಹುಣ್ಣು ಹೊತ್ತು ನಮ್ಮಲ್ಲಿಗೆ ಬಂದವಳು. ಬಂದಾಗಿನಿಂದ ನಿಂತೇ ಇದ್ದಳು, ಏಟಿಗೆ ಕಾದವಳ ಹಾಗೆ. ತೂಕಡಿಸುತ್ತಿದ್ದುದೂ ನಿಂತೇ.

ನಾನು ಅಳುತ್ತಾ ಓಡಿದೆ. ಅವಳನ್ನು ನೋಡಲು ಬಂದಿದ್ದ ಹಳೆಯ ಮಾಲೀಕ ಮಾರುತಿಯೂ ಹಿಂದೆಯೇ ಬಂದ.

"ಇಲ್ಲೇ ಬೇವಿನ ಗಿಡದ ಬುಡಕ ಹುಗಿಯೂಣ್ರಿ," ಎಂದ ಮಾರುತಿ.

"ಏ, ಬೇಲಿ ಆಚೆಗೇ ನನ್ನ ಬಾವಿ ಐತಿ! ಬಿಡೂದಿಲ್ಲ ನಾ!" ಎಂದು ಅಣ್ಣಪ್ಪ ಕಿರುಚಿದ.

ಅಷ್ಟರಲ್ಲಿ ಹೆಣ ಗೊರಕೆ ಹೊಡೆಯಿತು.

ಮೂವರೂ ಬಗ್ಗಿ ನೋಡಿದೆವು. ಚಂದ್ರಿ ಕೆನ್ನೆಯನ್ನು ಮಣ್ಣಿಗೆ ಒತ್ತಿಕೊಂಡು ಮಲಗಿದ್ದಳು. ಕಾಲುಗಳು ಸಣ್ಣಗೆ ಅಲುಗುತ್ತಿದ್ದವು. ಕನಸಿನಲ್ಲಿ ಓಡುತ್ತಿದ್ದಳೇನೋ, ಗಾಡಿಯಿಲ್ಲದೆ.

"ಇಷ್ಟ ವರ್ಷ ಟಾಂಗಾ ಹೊಡದೇನಿ," ಮಾರುತಿ ಪಿಸುಗುಟ್ಟಿದ. "ಇದು ಹಿಂಗ ಮಲಗಿದ್ದು ಒಮ್ಮೆನೂ ನೋಡಿಲ್ರಿ."

ಅಣ್ಣಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. "ಅದು ಏಳೂತನಕ ನಾ ಪಂಪ್ ಹಚ್ಚೂದಿಲ್ರಿ," ಎಂದು ತುದಿಗಾಲಲ್ಲಿ ಹೋದ.

ಕರೆಂಟು ಇದ್ದೂ ಪಂಪು ಹಚ್ಚದ ಕಬ್ಬಿನ ರೈತನನ್ನು ನಾನು ಕಂಡದ್ದು ಇವತ್ತೇ.